ನಾಯಿ ಕರ್ಕೊಂಡು ಮನೆಮಂದಿ ಕ್ರಿಸ್ಮಸ್ ಸಂತೆಗೆ ಹೊರಟರೆ: ಏನು ಸಿದ್ಧತೆ, ಎಲ್ಲಿ ಎಡವಟ್ಟಾಗುತ್ತೆ?

ಕಾಕ್ಸ್‌ಟೌನ್ ಮನೆ

ನವೆಂಬರ್ ಕೊನೆಯಿಂದಲೇ ನಮ್ಮ ಬೆಂಗಳೂರಲ್ಲಿ ಚರ್ಚ್ ಆವರಣ, ಅಪಾರ್ಟ್‌ಮೆಂಟ್, ಶಾಲೆ ಮೈದಾನ, ಹೋಟೆಲ್ ಲಾನ್ ಎಲ್ಲ ಕಡೆ ಕ್ರಿಸ್ಮಸ್ ಸಂತೆ ಶುರುವಾಗುತ್ತೆ. ಈಗ ಸುಮಾರು ಪೋಸ್ಟರ್‌ಗಳಲ್ಲಿ ‘ಪೆಟ್ ಫ್ರೆಂಡ್ಲಿ’ ಅಂತಾನೂ ಹಾಕಿರ್ತಾರೆ. ಮನೆಯಲ್ಲಿ ಇಬ್ಬರು ದೊಡ್ಡವರು, ಅಜ್ಜಿ, ಆರು ವರ್ಷದ ಮಗು. 28 ಕೆಜಿಯ ಲ್ಯಾಬ್ರಡಾರ್ ಒಂದು, 15 ಕೆಜಿಯ ಒಂದೂವರೆ ವರ್ಷದ ಇಂಡಿ (ದೇಸಿ ನಾಯಿ) ಒಂದು. ಎರಡನ್ನೂ ಕರ್ಕೊಂಡು ಹೋಗಬಹುದಾ? ಯಾವ ಹೊತ್ತು ಒಳ್ಳೇದು, ಏನೇನು ತಗೊಂಡು ಹೋಗಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಎಚ್‌ಬಿಆರ್ ಟ್ರೇನರ್

ಮೊದಲು ಹೊತ್ತಿನ ಮಾತು. ಸಂತೆ 11ಕ್ಕೆ ತೆರೆಯುತ್ತೆ ಅಂದ್ರೆ 11ಕ್ಕೇ ಗೇಟಲ್ಲಿರಿ, 12 ಗಂಟೆ ಹೊತ್ತಿಗೆ ಹೊರಡಿ. ನಾಯಿಗೆ ಆ ಒಂದು ಗಂಟೆ ಸಾಕು. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತೆ. ದೀಪ ಹತ್ತಿದ ಮೇಲೇ ಜನ ಬರೋದು, ಕ್ಯಾರಲ್ ತಂಡ, ಮೈಕು, ಡಿಜೆ ಎಲ್ಲ ಆಗಲೇ ಶುರು. ಫೋಟೋ ಚೆನ್ನಾಗಿ ಬರುತ್ತೆ ಅಂತ ಏಳು ಗಂಟೆಗೆ ಕರ್ಕೊಂಡು ಬಂದ ನಾಯಿಗೆ ಮುಂದೆ ಕಾಣೋದು ಬರೀ ಮೊಣಕಾಲು, ಚಪ್ಪಲಿ, ತಳ್ಳೋ ಸ್ಟ್ರಾಲರ್ ಚಕ್ರ.

ಕ್ರಿಸ್ಮಸ್ ವಾರದಲ್ಲಿ ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್, ಕಮರ್ಷಿಯಲ್ ಸ್ಟ್ರೀಟ್‌ಗೆ ನಾಯಿ ಬೇಡವೇ ಬೇಡ. ಅಲ್ಲಿ ಮನುಷ್ಯರೇ ಒಬ್ಬರನ್ನೊಬ್ಬರು ತಳ್ಳಿಕೊಂಡು ನಡೀಬೇಕು. ಕೇಕ್ ಪ್ರದರ್ಶನದಂಥ ಪೆಂಡಾಲ್ ಒಳಗಿನ ಕಾರ್ಯಕ್ರಮವೂ ಬೇಡ. ಡಿಸೆಂಬರ್ ಮೊದಲ ಎರಡು ವಾರದಲ್ಲಿ, ಬಯಲಲ್ಲಿ, ಸಾಲುಗಳ ನಡುವೆ ಕನಿಷ್ಠ ಹತ್ತು ಅಡಿ ಜಾಗ ಇರೋ ಸಂತೆ ಆರಿಸಿಕೊಳ್ಳಿ.

‘ಪೆಟ್ ಫ್ರೆಂಡ್ಲಿ’ ಅನ್ನೋ ಮಾತನ್ನ ಅಷ್ಟಕ್ಕೇ ನಂಬಬೇಡಿ, ಆಯೋಜಕರಿಗೆ ಫೋನ್ ಮಾಡಿ. ನೆಲ ಹುಲ್ಲೋ, ಕಾಂಕ್ರೀಟೋ? ಊಟದ ಸ್ಟಾಲ್‌ಗಳು ಬೇರೆ ಮೂಲೆಯಲ್ಲಿವೆಯಾ? ಬ್ಯಾಂಡ್ ಎಷ್ಟೊತ್ತಿಗೆ, ಸ್ಪೀಕರ್ ಯಾವ ಕಡೆ? ಕೈಗೆ ಸೀಲ್ ಹಾಕಿ ಹೊರಗೆ ಹೋಗಿ ಮತ್ತೆ ಒಳಗೆ ಬರೋಕೆ ಬಿಡ್ತಾರಾ? ಈ ಕೊನೇ ಪ್ರಶ್ನೆ ಯಾರೂ ಕೇಳಲ್ಲ, ಕೇಳಲೇಬೇಕಾದ್ದು ಅದೇ. ಹೊರಗೆ ಹೋದ್ರೆ ಟಿಕೆಟ್ ದುಡ್ಡು ಹೋಯ್ತು ಅನ್ನೋ ಸ್ಥಿತಿ ಇದ್ರೆ, ನಾಯಿ ನಡುಗ್ತಿದ್ರೂ ಜನ ಇನ್ನರ್ಧ ಗಂಟೆ ಒಳಗೇ ಸುತ್ತಿಸ್ತಾರೆ.

ನಿಮ್ಮ ಲೆಕ್ಕಕ್ಕೆ ಬರೋಣ. ಒಂದು ನಾಯಿಗೆ ಒಬ್ಬ ದೊಡ್ಡವರು ಪೂರ್ತಿ ಬೇಕು. ಅವರು ಶಾಪಿಂಗ್ ಮಾಡೋ ಹಾಗಿಲ್ಲ, ಕಾಫಿ ಕಪ್ಪು ಹಿಡಿಯೋ ಹಾಗಿಲ್ಲ, ಫೋನ್ ಜೇಬಲ್ಲೇ ಇರಬೇಕು. ಮಗುವಿಗೆ ಇನ್ನೊಬ್ಬರು. ಅಜ್ಜಿಯ ಕೈಗೆ ಲೀಶ್ (ನಾಯಿ ಹಿಡಿಯೋ ಹಗ್ಗ) ಕೊಡಬೇಡಿ, 28 ಕೆಜಿ ಲ್ಯಾಬ್ ಒಂದು ಸಲ ಜಗ್ಗಿದ್ರೆ ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರ್ಕೊಳ್ಳಬಹುದು. ಅಂದಮೇಲೆ ನಿಮ್ಮ ಮನೆಯಿಂದ ಈ ಸಲ ಒಂದೇ ನಾಯಿ. ಇಂಡಿ ಮನೇಲಿರಲಿ.

ಬಸವನಗುಡಿ ಓದುಗ

ನನ್ನದು ಬೇರೆ ಅಭಿಪ್ರಾಯ. ಕಾರ್ತಿಕದ ಕೊನೇ ಸೋಮವಾರ ನಮ್ಮ ಕಡಲೆಕಾಯಿ ಪರಿಷೆಗೆ ಯಾರೂ ನಾಯಿ ಕರ್ಕೊಂಡು ಬರಲ್ಲ, ಅಂಥ ಜನಜಂಗುಳಿ ನಾಯಿಗೆ ಹಿಂಸೆ ಅಂತ ಎಲ್ಲರಿಗೂ ಗೊತ್ತು. ಕ್ರಿಸ್ಮಸ್ ಸಂತೆಗೆ ಮಾತ್ರ ಬೇರೆ ನಿಯಮ ಯಾಕೆ? ನಾಯಿಗೆ ಸ್ಟಾರೂ ಬೇಡ, ಕೇಕೂ ಬೇಡ.

ಎಚ್‌ಬಿಆರ್ ಟ್ರೇನರ್

ಸರ್, ಹೆಚ್ಚಿನ ನಾಯಿಗಳ ವಿಷಯದಲ್ಲಿ ನಿಮ್ಮ ಮಾತು ಸರಿ. ಹೆದರು ಸ್ವಭಾವದ್ದು, ಹೋದ ದೀಪಾವಳಿಗೆ ಮಂಚದ ಕೆಳಗೆ ಸೇರಿದ್ದು, ಬೆದೆಗೆ ಬಂದ ಹೆಣ್ಣುನಾಯಿ, ಹತ್ತು ವರ್ಷ ದಾಟಿ ಕೀಲುನೋವಿರೋದು, ಲಸಿಕೆ ಪೂರ್ತಿ ಆಗದ ಮರಿ, ಇವು ಯಾವುದಕ್ಕೂ ಸಂತೆ ಬೇಡ. ಆದರೆ ಜನರ ನಡುವೆ ನಿಜಕ್ಕೂ ಖುಷಿಯಾಗಿರೋ ನಾಯಿಗಳೂ ಇವೆ. ನಮ್ಮ ನಾಯಿ ಯಾವ ಗುಂಪಿನದ್ದು ಅಂತ ಮೊದಲೇ ಪರೀಕ್ಷೆ ಮಾಡ್ಕೋಬಹುದು.

ಎರಡು ವಾರ ಮುಂಚೆ ಶುರು ಮಾಡಿ. ಮೊದಲು ಬೆಳಿಗ್ಗೆ ಹೊತ್ತು ಕಬ್ಬನ್ ಪಾರ್ಕ್. ಅಲ್ಲಿ ಲೀಶ್ ಹಾಕಿ ಓಡಾಡಿಸಬಹುದು, ಲಾಲ್‌ಬಾಗ್‌ನಲ್ಲಿ ನಾಯಿ ಬಿಡಲ್ಲ. ಆಮೇಲೆ ನಿಮ್ಮ ಏರಿಯಾದ ತರಕಾರಿ ಮಾರ್ಕೆಟ್ಟಿನ ಹೊರಗೆ, ರಸ್ತೆಯ ಆಚೆ ಬದಿ, ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಅದಕ್ಕೆ ಇಷ್ಟವಾದ ತಿಂಡಿ, ಬೇಯಿಸಿದ ಚಿಕನ್ ಚೂರು ಅಂದುಕೊಳ್ಳಿ, ಕೊಡ್ತಾ ಇರಿ. ಬಾಲ ಸಡಿಲವಾಗಿ ಆಡ್ತಿದೆ, ತಿಂಡಿ ಮೆತ್ತಗೆ ತಗೊಳ್ತಿದೆ ಅಂದ್ರೆ ಮಾರನೇ ದಿನ ನಾಲ್ಕು ಹೆಜ್ಜೆ ಹತ್ತಿರ. ಮೂತಿ ಆ ಕಡೆ ತಿರುಗಿಸಿತು, ಅಥವಾ ಬೆರಳು ಸೇರಿಸಿ ಗಬಕ್ಕನೆ ಕಚ್ಚಿ ಕಿತ್ಕೊಳ್ತು ಅಂದ್ರೆ ಒತ್ತಡ ಜಾಸ್ತಿಯಾಗಿದೆ, ಹಿಂದೆ ಬನ್ನಿ. ಎರಡು ವಾರ ಆದಮೇಲೂ ಮಾರ್ಕೆಟ್ ಬಾಗಿಲಲ್ಲಿ ಚಿಕನ್ ಬೇಡ ಅನ್ನೋ ನಾಯಿ ಕ್ರಿಸ್ಮಸ್ ಸಂತೆಗೂ ತಯಾರಿಲ್ಲ.

ಸಂತೆಯೊಳಗೂ ಇದೇ ಪರೀಕ್ಷೆ. ಐದೈದು ನಿಮಿಷಕ್ಕೆ ಒಂದು ಚೂರು ಕೊಡಿ. ಬೇಡ ಅಂತು ಅಂದ್ರೆ ಗೇಟಿನ ಕಡೆ ನಡೀರಿ. ಅದಕ್ಕಿಂತ ಮುಂಚೆಯೇ ಕಾಣೋ ಸಣ್ಣ ಗುರುತುಗಳು: ಎದುರಿಗೆ ಊಟವಿಲ್ಲದಿದ್ರೂ ತುಟಿ ನೆಕ್ಕೋದು, ನಿದ್ದೆ ಬರದಿದ್ರೂ ಆಕಳಿಸೋದು, ಕಣ್ಣಿನ ಬಿಳಿಭಾಗ ಅರ್ಧಚಂದ್ರದ ಹಾಗೆ ಕಾಣೋದು, ಸೆಕೆ ಇಲ್ಲದಿದ್ರೂ ಏದುಸಿರು, ನೆಂದಿಲ್ಲದಿದ್ರೂ ಮೈ ಕೊಡವೋದು. ಗುರ್ ಅಂದ ನಾಯಿಗೆ ಬೈಬೇಡಿ. ಗುರ್ ಅನ್ನೋದನ್ನ ಬೈದು ಬಿಡಿಸಿದ್ರೆ ಮುಂದಿನ ಸಲ ಅದು ಎಚ್ಚರಿಕೆ ಕೊಡದೇ ಬಾಯಿ ಹಾಕುತ್ತೆ.

ಬಸವನಗುಡಿ ಓದುಗ

ಈ ತಿಂಡಿ ಪರೀಕ್ಷೆ ನ್ಯಾಯವಾಗಿದೆ. ನಿರ್ಧಾರ ನಾಯಿಯದ್ದೇ ಆದ್ರೆ ನನ್ನ ತಕರಾರಿಲ್ಲ.

ಮುಧೋಳ ಸಾಕಿರೋರು

ಪಟ್ಟಿ, ಬೆಲ್ಟಿನ ವಿಷಯ ಯಾರೂ ಹೇಳಿಲ್ಲ. ಸಂತೇಲಿ ನಾಯಿ ಕಳೆದುಹೋಗೋದು ಬಹುಪಾಲು ಇದರಿಂದಲೇ.

ಎಳೆದಷ್ಟೂ ಉದ್ದವಾಗೋ ರಿಟ್ರಾಕ್ಟಬಲ್ ಲೀಶ್ ಮನೇಲೇ ಇಡಿ. ಅದರ ತೆಳು ದಾರ ಜನರ ಕಾಲಿಗೆ ಸುತ್ತಿ ಚರ್ಮ ಕುಯ್ಯುತ್ತೆ. ಪ್ಲಾಸ್ಟಿಕ್ ಹಿಡಿ ಕೈಜಾರಿ ಬಿದ್ರೆ ಟರಟರ ಸದ್ದು ಮಾಡ್ಕೊಂಡು ಹಿಂದೆಯೇ ಬರುತ್ತೆ, ನಾಯಿ ಅದಕ್ಕೇ ಹೆದರಿ ಓಟ ಕೀಳುತ್ತೆ. ನೈಲಾನ್ ಅಥವಾ ಹತ್ತಿಯ ಸಾದಾ ಲೀಶ್, ನಾಲ್ಕರಿಂದ ಆರು ಅಡಿ, ಲ್ಯಾಬ್‌ಗೆ ಮುಕ್ಕಾಲರಿಂದ ಒಂದಿಂಚು ಅಗಲ. ಹಿಡಿಯನ್ನ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಹೆಬ್ಬೆರಳನ್ನ ಕುಣಿಕೆಯೊಳಗೆ ತೂರಿಸಿ ಮುಷ್ಟಿ ಕಟ್ಟಿ, ಇನ್ನೊಂದು ಕೈ ಲೀಶಿನ ನಡುವೆ ಇರಲಿ.

ಹಾರ್ನೆಸ್, ಅಂದ್ರೆ ನಾಯಿಯ ಮೈಗೆ ಹಾಕೋ ಪಟ್ಟಿ, ಎದೆ ಮೇಲೆ ‘ವೈ’ ಆಕಾರದಲ್ಲಿ ಕೂರೋದು, ಎದೆಯಲ್ಲೂ ಬೆನ್ನಲ್ಲೂ ರಿಂಗ್ ಇರೋದು ತಗೊಳ್ಳಿ. ಭುಜಕ್ಕೆ ಅಡ್ಡಪಟ್ಟಿ ಬರೋ ಹಾರ್ನೆಸ್ಸಲ್ಲಿ ನಾಯಿ ಹಿಂದಕ್ಕೆ ಜಗ್ಗಿ ಎರಡು ಕಾಲು ಈಚೆ ಎಳ್ಕೊಂಡ್ರೆ ಪೂರ್ತಿ ಕಳಚಿ ಬರುತ್ತೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋದ್ರೆ ಸಡಿಲ. ಲೀಶಿನ ಕೊಕ್ಕೆ ಹಾರ್ನೆಸ್ಸಿಗೆ ಇರಲಿ, ಅಲ್ಲಿಂದ ಕಾಲರ್‌ಗೆ ಒಂದು ಗೇಣು ಉದ್ದದ ಎರಡನೇ ಕೊಂಡಿ ಹಾಕಿ. ಒಂದು ಕಳಚಿದ್ರೂ ಇನ್ನೊಂದು ಹಿಡಿಯುತ್ತೆ. ಹೊರಡೋ ಮುಂಚೆ ಮನೆಯೊಳಗೇ ಲೀಶ್ ಹಿಡಿದು ನಾಯಿಯ ಎದುರು ನಿಂತು ಮೆಲ್ಲಗೆ ಎಳೀರಿ. ಅಲ್ಲಿ ಕಳಚಿದ್ದು ಸಂತೇಲಿ ಖಂಡಿತ ಕಳಚುತ್ತೆ.

ಮುಧೋಳ, ಗ್ರೇಹೌಂಡ್ ಥರದ ನಾಯಿಗಳಿಗೆ ತಲೆ ಕತ್ತಿಗಿಂತ ಸಣ್ಣ, ಸಾದಾ ಕಾಲರ್‌ನಿಂದ ಸಲೀಸಾಗಿ ತಲೆ ಈಚೆ ತೆಗೀತವೆ. ಇವಕ್ಕೆ ಅಗಲವಾದ ಮಾರ್ಟಿಂಗೇಲ್ ಕಾಲರ್ ಬೇಕು. ಎಳೆದಾಗ ತಲೆ ದಾಟದಷ್ಟು ಮಾತ್ರ ಬಿಗಿಯಾಗುತ್ತೆ, ಕತ್ತು ಹಿಸುಕಲ್ಲ. ಕಣ್ಣಿಗೆ ಬೆಕ್ಕೋ ಬಲೂನೋ ಬಿದ್ರೆ ಒಂದೇ ನೆಗೆತ, ಅಷ್ಟು ಸಾಕು.

ಕಾಲರ್ ಮೇಲೆ ಫೋನ್ ನಂಬರ್ ಕೆತ್ತಿದ ಟ್ಯಾಗ್ ಇರಲಿ, ಹೆಸರಿಗಿಂತ ನಂಬರ್ ಮುಖ್ಯ. ಮೈಕ್ರೋಚಿಪ್ ಹಾಕ್ಸಿದ್ರೆ ಆ 15 ಅಂಕಿಯ ನಂಬರ್ ನಿಮ್ಮ ಈಗಿನ ಫೋನಿಗೆ ಜೋಡಣೆಯಾಗಿದೆಯಾ ಅಂತ ನೋಡ್ಕೊಳ್ಳಿ. ಬೆಳಿಗ್ಗೆ ಹೊರಡುವಾಗ ಅದೇ ಹಾರ್ನೆಸ್ ಹಾಕಿದ ಸ್ಥಿತಿಯಲ್ಲೇ ಒಂದು ಫೋಟೋ ತೆಗೆದಿಡಿ, ಹುಡುಕೋ ಹೊತ್ತಿಗೆ ಬೇಕಾಗೋದು ಆ ಫೋಟೋನೇ.

ಪಶುವೈದ್ಯೆ, ಹೆಬ್ಬಾಳ

ಊಟದ ಬಗ್ಗೆ ನಾನು ಬರೆಯುತ್ತೇನೆ. ಕ್ರಿಸ್ಮಸ್ ಸಮಯದಲ್ಲಿ ಕ್ಲಿನಿಕ್‌ಗಳಿಗೆ ಬರುವ ತೊಂದರೆಗಳಲ್ಲಿ ಬಹಳಷ್ಟು ನೆಲದ ಮೇಲೆ ಬಿದ್ದ ಚೂರಿನಿಂದ, ಇಲ್ಲವೇ ‘ಒಂದೇ ಒಂದು ಪೀಸ್’ ಅಂತ ಪ್ರೀತಿಯಿಂದ ಕೊಟ್ಟಿದ್ದರಿಂದ.

ಪ್ಲಮ್ ಕೇಕ್ ಎಲ್ಲಕ್ಕಿಂತ ಅಪಾಯಕಾರಿ, ಕಾರಣ ಒಣದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ, ಕರಂಟ್ ಎನ್ನುವ ಸಣ್ಣ ಕಪ್ಪು ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ. ಇಷ್ಟು ತಿಂದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಒಂದು ನಾಯಿ ಮುಷ್ಟಿ ತುಂಬ ತಿಂದರೂ ಏನೂ ಆಗುವುದಿಲ್ಲ, ಇನ್ನೊಂದು ನಾಲ್ಕಾರು ಕಾಳಿಗೇ ಕಾಯಿಲೆ ಬೀಳುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಎಂದು 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ಹಣ್ಣಿಂದ ಹಣ್ಣಿಗೆ ಅದರ ಪ್ರಮಾಣ ಬದಲಾಗುವುದರಿಂದಲೇ ಈ ಏರುಪೇರು. ನಮ್ಮ ಹುಣಸೆಹಣ್ಣಿನಲ್ಲೂ ಇದೇ ಆಮ್ಲ ಧಾರಾಳವಾಗಿದೆ, ಹಾಗಾಗಿ ಚಾಟ್ ಸ್ಟಾಲಿನ ಹುಣಸೆ ಚಟ್ನಿಯೂ ದೂರವಿರಲಿ. ಕೇಕಿಗೆ ಹಣ್ಣು ನೆನೆಸಿದ ರಮ್ ಬೇರೆ ಇರುತ್ತದೆ.

ಚಾಕಲೇಟ್‌ನಲ್ಲಿ ನಾಯಿಗೆ ವಿಷವಾಗುವ ಥಿಯೋಬ್ರೋಮಿನ್ ಇದೆ. ನಾಯಿಯ ತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಚಡಪಡಿಕೆ. 40 ದಾಟಿದರೆ ಹೃದಯದ ಬಡಿತ ಏರುಪೇರು, 60ರ ಆಸುಪಾಸಿನಲ್ಲಿ ಸೆಳೆತ. ಒಂದು ಗ್ರಾಂ ಮಿಲ್ಕ್ ಚಾಕಲೇಟ್‌ನಲ್ಲಿ ಸುಮಾರು 2 ಮಿಲಿಗ್ರಾಂ, ಡಾರ್ಕ್‌ನಲ್ಲಿ 5 ಅಥವಾ ಹೆಚ್ಚು. 10 ಕೆಜಿಯ ನಾಯಿಗೆ 40 ಗ್ರಾಂ ಡಾರ್ಕ್ ಚಾಕಲೇಟೇ ತೊಂದರೆಯ ಗೆರೆ.

‘ಶುಗರ್ ಫ್ರೀ’ ಎಂದು ಮಾರುವ ಕುಕೀಸ್, ಚೂಯಿಂಗ್ ಗಮ್, ಪೀನಟ್ ಬಟರ್‌ಗಳಲ್ಲಿ ಸಕ್ಕರೆಯ ಬದಲು ಹಾಕುವ ಝೈಲಿಟಾಲ್ ಇರಬಹುದು. ಪ್ರತಿ ಕೆಜಿ ತೂಕಕ್ಕೆ 0.1 ಗ್ರಾಂ ಸಾಕು, ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ. 0.5 ಗ್ರಾಂ ಆದರೆ ಲಿವರ್‌ಗೂ ಹಾನಿ.

ಕಬಾಬ್, ಪೋರ್ಕ್ ಫ್ರೈ, ಸಾಸೇಜ್‌ಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದೇ ಇರುತ್ತದೆ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಪ್ರತಿ ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಕೆಂಪು ರಕ್ತಕಣ ಒಡೆಯಲು ಸಾಕು, ಲಕ್ಷಣ ಕಾಣುವುದು ಕೆಲವು ದಿನಗಳ ನಂತರ. ಅತಿ ಕೊಬ್ಬಿನ ಮಾಂಸದಿಂದ ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ. ಕಲ್‌ಕಲ್, ರೋಸ್ ಕುಕೀಸ್ ವಿಷವಲ್ಲ, ಆದರೆ ಎಣ್ಣೆ ಸಕ್ಕರೆ ಎರಡೂ ವಿಪರೀತ, ಕೊಡದಿರುವುದೇ ಮೇಲು.

ಕಾಕ್ಸ್‌ಟೌನ್ ಮನೆ

ಡಾಕ್ಟ್ರೇ, ಎಷ್ಟೇ ಎಚ್ಚರ ವಹಿಸಿದ್ರೂ ಲ್ಯಾಬ್ ಅಲ್ವಾ, ಕೇಕ್ ಚೂರು ನುಂಗೇಬಿಟ್ರೆ ತಕ್ಷಣ ಏನು ಮಾಡಬೇಕು?

ಪಶುವೈದ್ಯೆ, ಹೆಬ್ಬಾಳ

ಉಪ್ಪುನೀರು ಕುಡಿಸಬೇಡಿ, ಬಾಯೊಳಗೆ ಬೆರಳು ಹಾಕಬೇಡಿ. ಉಪ್ಪಿನಿಂದ ರಕ್ತದ ಸೋಡಿಯಂ ಏರಿ ಅದೇ ಪ್ರಾಣಕ್ಕೆ ಬರುತ್ತದೆ. ಹಾಲು, ಮಜ್ಜಿಗೆ, ಎಳನೀರು ಯಾವುದೂ ವಿಷ ಇಳಿಸುವುದಿಲ್ಲ. ತಿಂದ ಹೊತ್ತು, ಅಂದಾಜು ಪ್ರಮಾಣ, ನಾಯಿಯ ತೂಕ ಬರೆದುಕೊಳ್ಳಿ. ಕೇಕಿನ ಪೊಟ್ಟಣದ ಲೇಬಲ್ ಫೋಟೋ ತೆಗೆಯಿರಿ, ಮನೆಯಲ್ಲಿ ಮಾಡಿದ್ದಾದರೆ ಸ್ಟಾಲಿನವರನ್ನು ಏನೇನು ಹಾಕಿದ್ದಾರೆ ಎಂದು ಕೇಳಿ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಹೊರಡಿ. ತಿಂದು ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿದರೆ ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಲು ಸಾಧ್ಯ. ತೂರಾಡುತ್ತಿರುವ, ಮಂಪರಿನಲ್ಲಿರುವ ನಾಯಿಗೆ ವಾಂತಿ ಮಾಡಿಸುವಂತಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ.

ಒಣದ್ರಾಕ್ಷಿ ತಿಂದ ನಾಯಿ ಆ ಸಂಜೆ ಚೆನ್ನಾಗಿಯೇ ಕಾಣಬಹುದು. ಅದನ್ನು ನೋಡಿ ಸುಮ್ಮನಾಗಬೇಡಿ. ಕಿಡ್ನಿ ಕೈಕೊಡುವುದು ಒಂದರಿಂದ ಮೂರು ದಿನದಲ್ಲಿ, ಮೂತ್ರ ನಿಂತಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ಇನ್ನೊಂದು ಮಾತು. ಸಂತೆಗೆ ಹೊರಡುವ ಹಿಂದಿನ ದಿನವೇ ಆ ಜಾಗಕ್ಕೆ ಹತ್ತಿರದ, ಭಾನುವಾರ ಮತ್ತು ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದೆಂದು ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ನೆಟ್‌ನಲ್ಲಿ ‘24 ಗಂಟೆ’ ಎಂದು ಹಾಕಿದ್ದರೂ ಡಿಸೆಂಬರ್ 25ಕ್ಕೆ ಡಾಕ್ಟರ್ ಇರುತ್ತಾರಾ ಎಂದು ಬಾಯಿಬಿಟ್ಟು ಕೇಳಬೇಕು.

ಮೇಣದಬತ್ತಿ ಸ್ಟಾಲ್

ಸ್ಟಾಲ್ ಹಾಕೋರ ಕಡೆಯಿಂದ ಕೆಲವು ವಿಷಯ.

ಲ್ಯಾಬ್‌ನ ಬಾಲ ನಮ್ಮ ಮೇಜಿನ ಅಂಚಿನ ಎತ್ತರಕ್ಕೇ ಬರುತ್ತೆ. ಖುಷಿಯಾಗಿ ಒಂದು ಸಲ ಬೀಸಿದ್ರೆ ಗಾಜಿನ ಗುಂಡುಗಳು ಸಾಲಾಗಿ ಕೆಳಗೆ. ತೆಳು ಗಾಜು ಒಡೆದಾಗ ಚೂರು ಹುಲ್ಲಲ್ಲಿ ಕಾಣಲ್ಲ, ಮುಂದೆ ಬರೋ ನಾಯಿಗಳ ಪಾದಕ್ಕೆ ಚುಚ್ಚುತ್ತೆ. ಆದ್ದರಿಂದ ಸ್ಟಾಲ್ ಎದುರು ನಿಲ್ಲುವಾಗ ನಾಯಿಯ ಮೂತಿ ಮೇಜಿನ ಕಡೆ, ಬಾಲ ದಾರಿಯ ಕಡೆ ಇರಲಿ. ಸುಗಂಧದ ಮೇಣದಬತ್ತಿ, ಎಸೆನ್ಷಿಯಲ್ ಆಯಿಲ್ ಸ್ಟಾಲ್ ಹತ್ತಿರ ನಾಯಿ ಸೀನೋಕೆ ಶುರು ಮಾಡಿದ್ರೆ ದಾಟಿಕೊಂಡು ಹೋಗಿ.

ಮೇಜಿನ ಬಟ್ಟೆ ಕೆಳಗೆ ವೈರ್‌ಗಳಿರ್ತವೆ, ಸೀರಿಯಲ್ ಸೆಟ್ ಬಲ್ಬು, ಎಕ್ಸ್‌ಟೆನ್ಷನ್ ಬಾಕ್ಸ್. ನಾಯಿ ಮೂತಿ ತೂರಿಸೋದು ಅಲ್ಲಿಗೇ. ಜನರೇಟರ್ ಇಟ್ಟಿರೋ ಮೂಲೆಯಿಂದ ದೂರ ಇರಿ, ಅದರ ಹೊಗೆ ನಾಯಿಯ ಮೂಗಿನ ಎತ್ತರದಲ್ಲೇ ಹರಡುತ್ತೆ.

ಗಂಡುನಾಯಿ ಕ್ರಿಸ್ಮಸ್ ಮರದ ಬುಡ ಕಂಡ್ರೆ ಕಾಲೆತ್ತುತ್ತೆ. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹಾಸಿದ ಒಣಹುಲ್ಲಿನ ವಾಸನೆಯಂತೂ ಅದನ್ನ ಎಳ್ಕೊಂಡೇ ಹೋಗುತ್ತೆ. ಚರ್ಚ್ ಆವರಣದಲ್ಲಿ ಗೋದಲಿ ಪೂಜ್ಯವಾದ ಜಾಗ, ಜನ ಮಂಡಿಯೂರಿ ಪ್ರಾರ್ಥನೆ ಮಾಡ್ತಾರೆ. ಹತ್ತಡಿ ದೂರದಲ್ಲೇ ನಾಯಿ ನಿಲ್ಲಿಸಿಕೊಳ್ಳಿ, ಮನೆಯವರು ಸರದಿ ಮೇಲೆ ಹೋಗಿ ನೋಡಿ ಬರಲಿ. ಪೂಜೆಯ ಹೊತ್ತಲ್ಲಿ ಆವರಣಕ್ಕೇ ನಾಯಿ ಬೇಡ. ಗೇಟಿನ ಒಳಗೆ ಬರೋ ಮುಂಚೆ ಹೊರಗೇ ಹತ್ತು ನಿಮಿಷ ನಡೆಸಿ ಎರಡೂ ಮುಗಿಸಿಕೊಂಡು ಬನ್ನಿ. ಆದ್ರೂ ಕಕ್ಕ ಮಾಡಿದ್ರೆ ಎತ್ತೋಕೆ ನಾಲ್ಕು ಕವರ್, ಉಚ್ಚೆ ಮೇಲೆ ಸುರಿಯೋಕೆ ಒಂದು ಬಾಟಲಿ ನೀರು ಇರಲಿ. ಕವರನ್ನ ಸ್ಟಾಲಿನ ಡಬ್ಬಿಗೆ ಹಾಕಬೇಡಿ.

ಪಗ್ ಮನೆ, ಜಯನಗರ

ಹೋಗೋದು ಬರೋದು ಹೇಗೆ? ಮೆಟ್ರೋದಲ್ಲಿ ಬಿಡಲ್ಲ ಅಂತ ಗೊತ್ತು.

ಎಚ್‌ಬಿಆರ್ ಟ್ರೇನರ್

ನಮ್ಮ ಮೆಟ್ರೋದಲ್ಲಿ ಸಾಕುಪ್ರಾಣಿ ಬಿಡಲ್ಲ, ಹೌದು. ಊಬರ್‌ನಲ್ಲಿ ‘ಪೆಟ್’ ಅಂತ ಬೇರೆ ಆಯ್ಕೆ ಬೆಂಗಳೂರಲ್ಲಿ 2024ರಿಂದ ಇದೆ, ಹಿಂದಿನ ದಿನವೇ ಬುಕ್ ಮಾಡಿಟ್ಟುಕೊಳ್ಳಿ. ಆಟೋ ಆದ್ರೆ ಹತ್ತೋ ಮುಂಚೆಯೇ ‘ಅಣ್ಣ, ನಾಯಿ ಇದೆ, ಬೆಡ್‌ಶೀಟ್ ಹಾಸ್ತೀನಿ’ ಅಂತ ಹೇಳಿ ಒಪ್ಪಿಸಿ, ಮೇಲೆ ಸ್ವಲ್ಪ ಕೊಡಿ. ಆಟೋದಲ್ಲಿ ಬಾಗಿಲಿಲ್ಲ, ಅದಕ್ಕೆ ನಾಯಿ ಕೆಳಗೆ ನಿಮ್ಮ ಎರಡು ಕಾಲಿನ ನಡುವೆ ಕೂರಲಿ. ಲೀಶನ್ನ ಆಟೋದ ಕಂಬಿಗೆ ಕಟ್ಟಬೇಡಿ, ನಾಯಿ ಹೊರಗೆ ಹಾರಿದ್ರೆ ನೇತಾಡುತ್ತೆ.

ಸ್ವಂತ ಕಾರಿದ್ರೆ ಹೊರಡೋ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸಿ, ಇಲ್ಲಾಂದ್ರೆ ದಾರೀಲಿ ವಾಂತಿ. ‘ಐದು ನಿಮಿಷ ಕಾರಲ್ಲಿರಲಿ, ಕಿಟಕಿ ಸ್ವಲ್ಪ ಇಳಿಸಿದೀವಿ’ ಅನ್ನೋದು ಬೇಡ. ಹೊರಗೆ 26 ಡಿಗ್ರಿ ಹಿತವಾಗಿದ್ರೂ ಬಿಸಿಲಲ್ಲಿ ನಿಂತ ಕಾರೊಳಗೆ ಅರ್ಧ ಗಂಟೆಗೆ 45ರ ಹತ್ತಿರ ಹೋಗುತ್ತೆ. ಇಳಿಸಿದ ಕಿಟಕಿಯಿಂದ ಹೆಚ್ಚಿನ ವ್ಯತ್ಯಾಸ ಆಗಲ್ಲ. ಪಗ್‌ಗೆ ಮೂಗು ಮೊಟಕು, ಏದುಸಿರಿನಿಂದ ಮೈ ತಣಿಸಿಕೊಳ್ಳೋ ಶಕ್ತಿಯೇ ಕಡಿಮೆ. ನಿಮ್ಮದಕ್ಕೆ ಮಧ್ಯಾಹ್ನದ ಸಂತೆ ಬೇಡ, ಬೆಳಿಗ್ಗೆ ಮಾತ್ರ. ಕಪ್ಪು ಟಾರ್ ರಸ್ತೆ ಮೇಲೆ ಅಂಗೈ ಹಿಂಬದಿ ಏಳು ಸೆಕೆಂಡ್ ಇಟ್ಟು ನೋಡಿ, ನಿಮಗೆ ಸುಟ್ರೆ ಅದರ ಪಾದಕ್ಕೂ ಸುಡುತ್ತೆ.

ನೀರು: ನಾಯಿಗೆ ದಿನಕ್ಕೆ ಕೆಜಿಗೆ 50ರಿಂದ 60 ಮಿಲಿಲೀಟರ್ ಬೇಕು. ಲ್ಯಾಬ್‌ಗೆ ಅರ್ಧ ಲೀಟರ್ ಮತ್ತು ಮಡಚೋ ಬಟ್ಟಲು ತಗೊಂಡು ಹೋದ್ರೆ ಸಂತೆಗೆ ಸಾಕು. ಗೇಟಲ್ಲಿ ಎಲ್ಲ ನಾಯಿಗಳಿಗೂ ಅಂತ ಇಟ್ಟ ಬಟ್ಟಲಿನ ನೀರು ಬೇಡ.

ಬೀದಿನಾಯಿ ಆರೈಕೆ

ಸಂತೆಯ ಗೇಟಿನ ಹೊರಗೆ ಇರೋರನ್ನ ಮರೀಬೇಡಿ. 2023ರ ಬಿಬಿಎಂಪಿ ಗಣತಿ ಪ್ರಕಾರ ಊರಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು. ಊಟದ ಸ್ಟಾಲ್ ಹಾಕಿದ ಕಡೆ ಆ ಬೀದಿಯ ಗುಂಪು ಬಂದೇ ಬರುತ್ತೆ, ಅದು ಅವುಗಳ ಜಾಗ. ಕಿವಿಯ ತುದಿ ಕತ್ತರಿಸಿರೋದು ಸಂತಾನಹರಣ ಆಗಿದೆ ಅನ್ನೋದರ ಗುರುತು, ಆಪರೇಷನ್ ಹೊತ್ತಲ್ಲೇ ರೇಬೀಸ್ ಲಸಿಕೆಯನ್ನೂ ಹಾಕಿರ್ತಾರೆ.

ಅವು ಬೊಗಳಿದ್ರೆ ಓಡಬೇಡಿ, ಕಲ್ಲೆತ್ತಬೇಡಿ, ನಿಮ್ಮ ನಾಯಿಯನ್ನ ಎತ್ತಿ ಹಿಡಿಯಲೂಬೇಡಿ. ಎತ್ತಿದ್ರೆ ಅವು ನಿಮ್ಮ ಮೈಮೇಲೆ ಹಾರುತ್ತವೆ. ನಿಮ್ಮ ನಾಯಿಯನ್ನ ಗೋಡೆ ಬದಿಗೆ ಮಾಡಿಕೊಂಡು ನೀವು ನಡುವೆ ನಿಲ್ಲಿ. ಒಂದು ಹಿಡಿ ಬಿಸ್ಕೆಟ್ ಅಥವಾ ಡಾಗ್ ಫುಡ್ ಅವುಗಳ ಹಿಂದಕ್ಕೆ ಚೆಲ್ಲಿ. ಅವು ಮೂಸೋಕೆ ತಿರುಗಿದಾಗ ನಿಧಾನವಾಗಿ ದಾಟಿ. ಮಡಚೋ ಕೊಡೆ ಜೊತೆಗಿದ್ರೆ ಅವುಗಳ ಕಡೆ ತೆರೆದು ಹಿಡೀರಿ, ಅಡ್ಡಗೋಡೆ ಆಗುತ್ತೆ. ನಿಮ್ಮ ನಾಯಿ ಕೊಡೆಗೆ ಹೆದರದ ಹಾಗೆ ಮನೇಲಿ ಮೊದಲೇ ತೋರಿಸಿರಬೇಕು.

ಶಾಲಾ ಟೀಚರ್, ರಿಚರ್ಡ್ಸ್ ಟೌನ್

ಮಕ್ಕಳ ವಿಷಯ. ಆರು ವರ್ಷದ ಮಗುವಿನ ಕೈಗೆ ಲೀಶ್ ಕೊಡಲೇಬೇಕು ಅಂತ ಹಠ ಮಾಡಿದ್ರೆ ಹಾರ್ನೆಸ್ಸಿನ ಎರಡನೇ ರಿಂಗ್‌ಗೆ ಇನ್ನೊಂದು ಲೀಶ್ ಹಾಕಿ ಅದನ್ನ ಕೊಡಿ, ನಿಜವಾದದ್ದು ದೊಡ್ಡವರ ಕೈಯಲ್ಲೇ ಇರಲಿ. ಬೇರೆ ಮಕ್ಕಳು ಮುಟ್ಟೋಕೆ ಬಂದಾಗ ನೀವೇ ‘ಬಾ ಪುಟ್ಟಾ, ಇಲ್ಲಿ ನಿಂತ್ಕೋ, ಎದೆ ಹತ್ರ ಸವರು’ ಅಂತ ಹೇಳಿಕೊಡಿ. ಮೂರು ಸೆಕೆಂಡ್ ಸವರಿ ಕೈ ತೆಗೀಲಿ. ನಾಯಿ ಮತ್ತೆ ತಾನಾಗೇ ಹತ್ತಿರ ಬಂದ್ರೆ ಇನ್ನೊಂದು ಸಲ. ತಲೆ ಮೇಲಿಂದ ಕೈ ತರೋದು, ತಬ್ಬಿಕೊಳ್ಳೋದು, ಮುಖಕ್ಕೆ ಮುಖ ತರೋದು ಬೇಡ. ಬೇಡ ಅನ್ನೋಕೆ ನಿಮಗೆ ಹಕ್ಕಿದೆ, ‘ಇವತ್ತು ಬೇಡ ಕಂದಾ’ ಅಂದ್ರೆ ಮಕ್ಕಳಿಗೆ ಅರ್ಥವಾಗುತ್ತೆ.

ಸಾಂಟಾ ಜೊತೆ ಫೋಟೋ: ಗಡ್ಡ, ಕೆಂಪು ಬಟ್ಟೆ, ಮುಖವಾಡ ನಾಯಿಗೆ ಗುರುತು ಸಿಗದ ಆಕಾರ. ಸಾಂಟಾ ಪಕ್ಕಕ್ಕೆ ತಿರುಗಿ ಕೂತಿರಲಿ, ನಾಯಿಯ ಕಣ್ಣು ನೋಡದಿರಲಿ, ಗಂಟೆ ಬಾರಿಸದಿರಲಿ. ನಾಯಿ ತಾನೇ ಹೋಗಿ ಮೂಸಿದ ಮೇಲೆ ಫೋಟೋ, ಫ್ಲ್ಯಾಶ್ ಬೇಡ. ಕಿವಿ ಮುಚ್ಚೋ ಟೋಪಿ, ಗಲ್ಲದ ಕೆಳಗೆ ಎಲಾಸ್ಟಿಕ್ ಇರೋ ಕೊಂಬು ಫೋಟೋ ತೆಗೆಯೋ ಅಷ್ಟು ಹೊತ್ತು ಸಾಕು. ಕುತ್ತಿಗೆಗೆ ಒಂದು ಕೆಂಪು ಬಟ್ಟೆ ಕಟ್ಟಿದ್ರೆ ಅದೇ ಚೆಂದ.

ನಾಯಿಯ ಹಲ್ಲು ಯಾರಿಗಾದ್ರೂ ತಾಗಿ ಗೀರಾದ್ರೂ, ಸಾಕಿದ ನಾಯಿ ಅಂತ ಉಡಾಫೆ ಬೇಡ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ತೋಳಿಗೆ ಹಾಕೋ ಚುಚ್ಚುಮದ್ದಾದ್ರೆ 0, 3, 7, 14, 28ನೇ ದಿನ, ಚರ್ಮದೊಳಗೆ ಹಾಕೋದಾದ್ರೆ 0, 3, 7, 28. ಕರ್ನಾಟಕದಲ್ಲಿ 2022ರಿಂದ ರೇಬೀಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ. ನಾಯಿಯ ಲಸಿಕೆ ಕಾರ್ಡಿನ ಫೋಟೋ ಫೋನಲ್ಲಿರಲಿ, ಎದುರಿನವರು ಕೇಳಿದ ಕೂಡಲೇ ತೋರಿಸಿ.

ಪಗ್ ಮನೆ, ಜಯನಗರ

ಪಟಾಕಿ ಸದ್ದಿಗೆ ಅಂತ ಮನುಷ್ಯರ ನಿದ್ದೆ ಮಾತ್ರೆಯ ಅರ್ಧ ಕೊಟ್ಟು ಕರ್ಕೊಂಡು ಹೋಗ್ತಾರೆ ಅಂತ ಕೇಳಿದ್ದೆ. ಸರೀನಾ?

ಪಶುವೈದ್ಯೆ, ಹೆಬ್ಬಾಳ

ಖಂಡಿತ ಬೇಡ. ಕೆಲವು ಔಷಧಿ ಮೈಯನ್ನು ಮಾತ್ರ ಸಡಿಲ ಮಾಡುತ್ತವೆ, ಒಳಗಿನ ಹೆದರಿಕೆ ಹಾಗೇ ಇರುತ್ತದೆ. ನಾಯಿ ಹೆದರಿರುತ್ತದೆ, ಓಡಲು ಮಾತ್ರ ಆಗುವುದಿಲ್ಲ. ಆತಂಕ ಕಡಿಮೆ ಮಾಡುವ ಔಷಧಿಗಳಿವೆ, ಅವನ್ನು ತೂಕ ನೋಡಿ ವೈದ್ಯರೇ ಬರೆಯಬೇಕು. ಮೊದಲ ಡೋಸ್ ಮನೆಯಲ್ಲೇ ಕೊಟ್ಟು ನೋಡಬೇಕು. ಇಂಥ ಒಂದು ಔಷಧಿ ಗ್ಯಾಬಪೆಂಟಿನ್; ಮನುಷ್ಯರಿಗೆಂದು ಮಾಡಿದ ಅದರ ಸಿರಪ್ ಕೆಲವದರಲ್ಲಿ ಝೈಲಿಟಾಲ್ ಇರುತ್ತದೆ, ಮೆಡಿಕಲ್ ಶಾಪಿನಿಂದ ಹಾಗೇ ತಂದು ಕೊಟ್ಟರೆ ವಿಷವೇ ಕೊಟ್ಟಂತೆ. ಪಟಾಕಿ ಇರುವ ಕಡೆಗೆ ಔಷಧಿ ಕೊಟ್ಟು ಕರೆದುಕೊಂಡು ಹೋಗುವ ನಾಯಿ ಮನೆಯಲ್ಲಿರಬೇಕಾದ ನಾಯಿ. ಫ್ಯಾನ್, ಟಿವಿ ಹಾಕಿ, ಕಿಟಕಿ ಮುಚ್ಚಿ, ಒಬ್ಬರು ಜೊತೆಯಲ್ಲಿ ಉಳಿಯಿರಿ.

ರಾಗಿ ಬೇಕರಿ

ನಾಯಿಗೂ ಹಬ್ಬದ ತಿಂಡಿ ಬೇಕು ಅನ್ನೋರಿಗೆ, ಮನೇಲಿ ಮಾಡೋ ಅಳತೆ: ರಾಗಿ ಹಿಟ್ಟು ಒಂದು ಕಪ್, ಬೇಯಿಸಿ ಕಿವುಚಿದ ಸಿಹಿಗುಂಬಳ ಕಾಲು ಕಪ್, ಕಳಿತ ಪಚ್ಚಬಾಳೆ ಒಂದು, ಮೊಟ್ಟೆ ಒಂದು, ತೆಂಗಿನೆಣ್ಣೆ ಒಂದು ಟೀ ಚಮಚ. ಉಪ್ಪು, ಸಕ್ಕರೆ, ಬೆಲ್ಲ, ಸೋಡಾ, ಜಾಯಿಕಾಯಿ ಯಾವುದೂ ಬೇಡ. ರೊಟ್ಟಿ ಹಿಟ್ಟಿನ ಹದ ಬರಬೇಕು. ಬಾಳೆಹಣ್ಣು ತುಂಬ ಕಳಿತಿದ್ರೆ ಅಂಟುತ್ತೆ, ಆಗ ಎರಡು ಚಮಚ ರಾಗಿ ಸೇರಿಸಿ. ಕಾಲಿಂಚು ದಪ್ಪ ತಟ್ಟಿ ಸಣ್ಣ ಸಣ್ಣ ಚೌಕ ಕತ್ತರಿಸಿ. ಓವನ್‌ನಲ್ಲಿ 180 ಡಿಗ್ರಿಗೆ 25 ನಿಮಿಷ. ಓವನ್ ಇಲ್ಲದವರು ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಎರಡೂ ಕಡೆ ಬೇಯಿಸಿ, ನಡುಭಾಗ ಹಸಿ ಉಳಿಯೋದು ಕಾವಲಿಯಲ್ಲೇ ಹೆಚ್ಚು, ಒಂದು ಮುರಿದು ನೋಡಿ. ಫ್ರಿಜ್‌ನಲ್ಲಿ ನಾಲ್ಕು ದಿನ. ಮೊದಲ ಸಲ ತಿನ್ನೋ ನಾಯಿಗೆ ಒಂದೆರಡು ಚೂರು ಮಾತ್ರ. ಸಂತೇಲಿ ಸಿಗೋ ‘ಡಾಗ್ ಕೇಕ್’ ಕೊಳ್ಳೋದಾದ್ರೆ ಪದಾರ್ಥಗಳ ಪಟ್ಟಿ ಕೇಳಿ, ಹೇಳೋಕೆ ತಡವರಿಸಿದ್ರೆ ಬಿಟ್ಟುಬಿಡಿ.

ಕಾಕ್ಸ್‌ಟೌನ್ ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಲ್ಯಾಬ್ ಮಾತ್ರ, ಬೆಳಿಗ್ಗೆ, ಒಂದು ಗಂಟೆ ಅಂತ ತೀರ್ಮಾನ ಆಯ್ತು. ವಾಪಸ್ ಬಂದಮೇಲೆ ಮನೇಲಿರೋ ಇಂಡಿ ಜೊತೆ ಕಿತ್ತಾಡದ ಹಾಗೆ ಏನಾದ್ರೂ ಮಾಡಬೇಕಾ?

ಎಚ್‌ಬಿಆರ್ ಟ್ರೇನರ್

ಹೊಸ ವಾಸನೆಗಳನ್ನೆಲ್ಲ ಮೈಗೆ ಹಚ್ಚಿಕೊಂಡು ಬಂದಿರುತ್ತೆ, ಸುಸ್ತಾಗಿ ಸಿಡುಕೂ ಇರುತ್ತೆ. ಬಾಗಿಲಲ್ಲೇ ಎರಡನ್ನೂ ಎದುರಾಬದುರು ಬಿಡಬೇಡಿ. ಲ್ಯಾಬ್‌ನ ಪಾದ, ಹೊಟ್ಟೆ ಒದ್ದೆ ಬಟ್ಟೇಲಿ ಒರೆಸಿ, ಬೇರೆ ಕೋಣೇಲಿ ನೀರು ಕೊಟ್ಟು ಒಂದು ಗಂಟೆ ಮಲಗಿಸಿ. ಅಷ್ಟರಲ್ಲಿ ಇನ್ನೊಬ್ಬರು ಇಂಡಿಯನ್ನ ಅರ್ಧ ಗಂಟೆ ವಾಕಿಂಗ್ ಕರ್ಕೊಂಡು ಹೋಗಿ. ಆಮೇಲೆ ಸೇರಿಸಿ.

ಪಶುವೈದ್ಯೆ, ಹೆಬ್ಬಾಳ

ಒರೆಸುವಾಗಲೇ ರಕ್ತ ಹೀರುವ ಉಣ್ಣೆ ಹುಳ ಹುಡುಕಿ: ಕಿವಿಯ ಮಡಿಕೆ, ಕಾಲ್ಬೆರಳ ಸಂದು, ಕಂಕುಳು, ಕಾಲರಿನ ಅಡಿ, ಬಾಲದ ಬುಡ. ಕಂಡರೆ ಚಿಮಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಹಾಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಪಾದದ ಮೆತ್ತೆಗಳ ನಡುವೆ ಗಾಜು, ಮಿನುಗುಪುಡಿ ಇದೆಯಾ ಎಂದು ಟಾರ್ಚ್ ಹಾಕಿ ನೋಡಿ. ಮುಂದಿನ ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ವಸಡು ಬಿಳಿಚಿಕೊಳ್ಳುವುದು ಕಂಡರೆ ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ, ಸಂತೆಗೆ ಹೋದ ತಾರೀಖನ್ನು ಡಾಕ್ಟರಿಗೆ ಹೇಳಿ.